ಬಿಟ್ಟುಹೋದ ಕೊಂಬು

ಅಕ್ಕೋರ ಎರಡು ಕಣ್ಣುಗಳು ಒಟ್ಟಿಗೆ ಮಿಟುಕುತ್ತಿರಲಿಲ್ಲ. ಎಡಗಣ್ಣು ಮೊದಲು ಮುಚ್ಚುತ್ತಿತ್ತು, ಅದು ತೆರೆದ ಮೇಲೆ ಬಲಗಣ್ಣು. ಹರೆಯದಲ್ಲಿ ಮುಖಕ್ಕೆ ವಾಯು ಬಡಿದು ಹಾಗಾಯಿತಂತೆ. ಹೊಸಬರು ಅವರೆದುರು ಕೂತರೆ ಏನೋ ಸರಿಯಿಲ್ಲ ಅನ್ನಿಸಿ ತಮ್ಮ ಸೆರಗು, ಗುಂಡಿ ಸರಿಮಾಡಿಕೊಳ್ಳುತ್ತಿದ್ದರು. ಏನು ಸರಿಯಿಲ್ಲ ಅನ್ನುವುದು ಮಾತ್ರ ಅವರಿಗೆ ಹೊಳೆಯುತ್ತಿರಲಿಲ್ಲ. ಶಾಲೆಯ ಮಕ್ಕಳಿಗೆ ಅದು ಗೊತ್ತಿತ್ತು. ಅಕ್ಕೋರ ಒಂದು ಕಣ್ಣು ನಮ್ಮ ಮೇಲೆ, ಇನ್ನೊಂದು ಅವುಗಳ ಮೇಲೆ ಅನ್ನುತ್ತಿದ್ದರು. ಅವು ಅಂದರೆ ಅಕ್ಕೋರು ತಮ್ಮ ಪುಸ್ತಕಗಳಲ್ಲಿ ಬರೆದ ದೆವ್ವಗಳು, ರಾಕ್ಷಸರು, ಇಂಥದ್ದೇ ಅಂತ ಹೇಳಲಾಗದ ಪ್ರಾಣಿಗಳು.

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರಿಗೆ ಅಕ್ಕೋರು ಅನ್ನುತ್ತಾರೆ. ಇವರು ಬೇಡಕಿಹಾಳದ ಸುತ್ತಮುತ್ತ ಕಲಿಸಿ, ನಿವೃತ್ತಿಯಾದ ಮೇಲೆ ಚಿಕ್ಕೋಡಿಯಲ್ಲಿ ತಮ್ಮನ ಮನೆಗೆ ಬಂದಿದ್ದರು. ಮದುವೆಯಾಗಿರಲಿಲ್ಲ. ಮಕ್ಕಳಿಗಾಗಿ ಬರೆದ ಪುಸ್ತಕಗಳು ನೂರು ದಾಟಿದ್ದವು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಟೈಪು ಮಾಡಿದವಳು ನಾನು. ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಗೃಹಪ್ರವೇಶ, ತಹಶೀಲ್ದಾರರಿಗೆ ಅರ್ಜಿ, ಇದು ನನ್ನ ಸಾಹಿತ್ಯ. ಅಲ್ಲಿಯವರೆಗೆ ಪುಸ್ತಕವೆಂದರೆ ಶಾಲೆ ಬಿಟ್ಟ ದಿನ ಬಿಟ್ಟದ್ದು. ಅಕ್ಕೋರು ಮೊದಲ ಸಲ ಉದ್ದನೆಯ ನೋಟುಪುಸ್ತಕ ಹಿಡಿದು ಬಂದಾಗ ನಾನು ಕೇಳಿದೆ.

‘ಏನ್ ಬರದೀರ್ರಿ ಅಕ್ಕೋರ?’

‘ಹುಡುಗೂರ ಕತಿ. ದೆವ್ವಂದು. ಅಂಜತೀಯೇನ್ ತಂಗಿ?’

‘ಲಗ್ನ ಆಗೇತ್ರಿ ನಂದು. ಇನ್ನೇನ್ ಅಂಜಲಿ?’

ಅವರು ನಕ್ಕರು. ಎಡಗಣ್ಣು ಮೊದಲು ನಕ್ಕಿತು. ಆ ವಾರದಿಂದಲೇ ನನ್ನ ಅಂಗಡಿಯ ಹಿಂದಿನ ಕೋಣೆ ಅವರದಾಯಿತು. ಮನೆಯಲ್ಲಿ ಟಿವಿ ಗದ್ದಲ, ಬರೆಯಲು ಆಗುವುದಿಲ್ಲ ಅಂದರು. ಕಾಗದದ ರೀಮುಗಳ ನಡುವೆ ಒಂದು ಮೇಜು ಹಾಕಿಕೊಟ್ಟೆ. ದಿನಾ ಮಧ್ಯಾಹ್ನದ ಊಟ ಮುಗಿಸಿ ಬರುವರು, ಪರದೆ ಎಳೆದುಕೊಂಡು ಕೂಡುವರು.

ಅಕ್ಕೋರು ಕಟ್ಟಾ ಜೈನರು. ನನ್ನ ಅಂಗಡಿಯ ನೀರನ್ನೂ ತಮ್ಮ ಚೀಲದ ಬಟ್ಟೆಯಲ್ಲಿ ಸೋಸಿಯೇ ಕುಡಿಯುತ್ತಿದ್ದರು. ಹೊತ್ತು ಮುಳುಗಿದ ಮೇಲೆ ತುತ್ತು ಎತ್ತುತ್ತಿರಲಿಲ್ಲ, ಪೆನ್ನನ್ನೂ ಎತ್ತುತ್ತಿರಲಿಲ್ಲ. ದೀಪ ಹಚ್ಚಿ ಬರೆದರೆ ಹುಳು ಬಂದು ಸಾಯುತ್ತವೆ ಎಂಬುದು ಅವರ ಲೆಕ್ಕ. ಹೀಗಾಗಿ ಕಿಟಕಿಯ ಬೆಳಕು ಹೋದ ಕ್ಷಣ, ವಾಕ್ಯ ಎಲ್ಲಿದೆಯೋ ಅಲ್ಲಿ, ಪೆನ್ನಿನ ಟೊಪ್ಪಿಗೆ ಹಾಕಿಬಿಡುತ್ತಿದ್ದರು. ಒಂದು ಸಂಜೆ ನೋಡಿದರೆ ನೋಟುಪುಸ್ತಕದ ಕಡೆಯ ಸಾಲು ‘ಹುಡುಗಿ ಕಬ್ಬಿನೊಳಗೆ ಒಂದು ಕಾಲು ಎತ್ತಿಟ್ಟು’ ಎಂದು ನಿಂತಿತ್ತು.

‘ಇದೇನ್ರಿ, ನಾಳಿ ಸುಳುವು ಹೆಂಗ ಸಿಗತೈತ್ರಿ?’ ಅಂದೆ.

‘ಅವು ಅಲ್ಲೇ ನಿಂತಿರ್ತಾವ. ಎಲ್ಲಿಗಿ ಹೋಗ್ತಾವ?’

ಹೇಳಿದವರು ಆರಾಮಾಗಿ ಮನೆಗೆ ಹೋದರು. ನಾನು ಲಗ್ನಪತ್ರಿಕೆ ಮಾಡುತ್ತ ಕೂತೆ. ವಧುವಿನ ಅಜ್ಜನ ಹೆಸರು ಟೈಪು ಮಾಡುವಾಗಲೆಲ್ಲ ಆ ಹುಡುಗಿ ಕತ್ತಲಲ್ಲಿ ಒಂಟಿಗಾಲಲ್ಲಿ ನಿಂತಿದ್ದಾಳೆ ಅನ್ನಿಸಿ ಪರದೆಯ ಕಡೆ ತಿರುಗಿ ನೋಡುತ್ತಿದ್ದೆ. ಮರುದಿನ ಮಧ್ಯಾಹ್ನ ಅಕ್ಕೋರು ಬಂದು ‘ಕಾಲು ಕೆಳಗಿಟ್ಟಳು’ ಎಂದು ಬರೆದ ಮೇಲೆಯೇ ನನಗೆ ಸಮಾಧಾನವಾದದ್ದು.

ಅವರ ದೆವ್ವಗಳಿಗೆ ಕನ್ನಡವೂ ಬರುತ್ತಿತ್ತು, ಮರಾಠಿಯೂ ಬರುತ್ತಿತ್ತು. ಯಾಕೆಂದು ಕೇಳಿದರೆ, ‘ನಮ್ಮ ಕಡಿ ದೆವ್ವಾ ಅಲ್ಲೇನು? ಒಂದ ಭಾಷಾ ಕಲತ್ರ ನಿಪ್ಪಾಣಿ ಪ್ಯಾಟ್ಯಾಗ ಯಾರ್ ಅಂಜತಾರ ಅದಕ್ಕ?’ ಅನ್ನುತ್ತಿದ್ದರು. ಊಟ ಮಾಡಿ ತೂಕಡಿಸುವ ಮಕ್ಕಳನ್ನು ಎಚ್ಚರಿಡಲು ತರಗತಿಯಲ್ಲಿ ಹೇಳಿದ ಕತೆಗಳಿಂದಲೇ ಅವರ ಬರವಣಿಗೆ ಶುರುವಾದದ್ದು. ಅದಕ್ಕೇ ಇರಬೇಕು, ಅವರ ಪುಸ್ತಕಗಳಲ್ಲಿ ಭಯಂಕರವಾದದ್ದೆಲ್ಲ ಮಟಮಟ ಮಧ್ಯಾಹ್ನವೇ ನಡೆಯುತ್ತದೆ. ಎಲ್ಲರೂ ಮಲಗಿದ ಓಣಿ, ಮುಚ್ಚಿದ ಕಿರಾಣಿ ಅಂಗಡಿ, ತನ್ನಷ್ಟಕ್ಕೆ ತಾನೇ ಅಲ್ಲಾಡುವ ತೊಟ್ಟಿಲ ಹಗ್ಗ.

ಆದರೆ ನೂರು ಪುಸ್ತಕಗಳಲ್ಲಿ ಒಂದು ಜೀವವೂ ಸತ್ತಿರಲಿಲ್ಲ. ಎಂಥ ಕೆಟ್ಟ ರಾಕ್ಷಸನಾದರೂ ಕೊನೆಗೆ ಬದುಕಿರುತ್ತಿದ್ದ. ‘ಒಂದ ಸಲ ಕೊಂದ ಬಿಡ್ರಿ ಅಕ್ಕೋರ, ಎರಡ ಪುಟ ಉಳೀತಾವ’ ಎಂದು ನಾನು ಚೇಷ್ಟೆ ಮಾಡಿದ್ದೆ. ಅವರು ನಗಲಿಲ್ಲ.

‘ಕೊಲ್ಲೂದಂದ್ರ ಕೈಯಿಂದ ಅಷ್ಟ ಅಲ್ಲವಾ. ಮನಸಿನ್ಯಾಗ ಕೊಂದ್ರೂ ಕೊಂದಂಗನ. ನಾ ಮಾಡೂ ಕೆಲಸ ಎಲ್ಲಾ ಮನಸಿನ್ಯಾಗ ಐತಿ. ಇಷ್ಟ ವರ್ಷ ಒಂದು ಜೀವಾ ತಗೀದಂಗ ಬರದೀನಿ. ನನ್ನ ಹತ್ರ ಇರೂದು ಅದೊಂದ.’

ಕೊಲ್ಲುವುದಿಲ್ಲ ಅಂದಮೇಲೆ ಎಲ್ಲಾದರೂ ಇಡಬೇಕಲ್ಲ. ಪ್ರತಿ ಪುಸ್ತಕದ ಕೊನೆಗೂ ಆ ಪ್ರಾಣಿಗೆ ಒಂದು ಜಾಗ ಗೊತ್ತುಮಾಡುತ್ತಿದ್ದರು, ಅದೂ ನಿಜವಾದ ಜಾಗ. ಬೋರಗಾಂವದ ಮಗ್ಗದ ಶೆಡ್ಡೊಂದರ ತೊಲೆಯಲ್ಲಿ ಒಂದು. ಉಗಾರದ ಹತ್ತಿರ ಕೃಷ್ಣೆಯ ಮಡುವಿನಲ್ಲಿ ಒಂದು. ಕಾಗವಾಡದ ದಾರಿಯ ಮೈಲುಗಲ್ಲಿನ ಹಿಂದೆ ಇನ್ನೊಂದು. ಬರೆಯುವ ಮೊದಲು ಹೋಗಿ ಜಾಗ ನೋಡಿ, ಅಲ್ಲಿಯವರ ಒಪ್ಪಿಗೆ ಕೇಳಿ ಬರುತ್ತಿದ್ದರು. ಸ್ಕೂಟಿ ಹೊಡೆಯುವ ಕೆಲಸ ನನ್ನದು. ಬೇಡಕಿಹಾಳದಲ್ಲಿ ಒಬ್ಬರು ರೈತರ ಬಾವಿಯ ದಂಡೆಯ ಮೇಲೆ ನಿಂತು ಅವರು ಕೇಳಿದ್ದು ನನಗೆ ಈಗಲೂ ನೆನಪಿದೆ.

‘ಇಲ್ಲೊಂದನ್ನ ಇಡಬೇಕಂತ ಮಾಡೀನ್ರಿ. ನಿಮಗೇನ್ ತ್ರಾಸ ಇಲ್ಲಲ್ರಿ?’

ರೈತರು ಟವೆಲ್ಲಿನಿಂದ ಮುಖ ಒರೆಸಿಕೊಂಡು ಯೋಚಿಸಿದರು. ‘ಏನ್ ತಿಂತೈತ್ರಿ ಅದು?’

‘ಏನೂ ತಿನ್ನೂದಿಲ್ರಿ.’

‘ಹಂಗಾರ ಇರ್ಲಿ ಬಿಡ್ರಿ.’

ನಾನು ದಾರಿಯುದ್ದಕ್ಕೂ ನಕ್ಕೆ. ಆದರೆ ಎರಡು ತಿಂಗಳ ನಂತರ ಆ ರೈತರು ಪಹಣಿ ಝೆರಾಕ್ಸ್ ಮಾಡಿಸಲು ನನ್ನ ಅಂಗಡಿಗೆ ಬಂದರು. ಬಾವಿ ಹೇಗಿದೆ ಅಂತ ನಾನೇ ಕೆಣಕಿದೆ. ಪಂಪು ಬಂದ್ ಮಾಡಿದ ಮೇಲೂ ನೀರು ಬಹಳ ಹೊತ್ತು ಅಲ್ಲಾಡುತ್ತದೆ, ಎತ್ತುಗಳು ಪಡುವಣ ಬದಿಗೆ ಹೋಗುವುದಿಲ್ಲ ಅಂದರು. ‘ತ್ರಾಸ ಏನಿಲ್ರಿ. ಆದ್ರ ನೀರ್ ಹಾಯ್ಸೂ ಮುಂದ ನಾ ಒಬ್ಬಂವ ಅದೀನಿ ಅಂತ ಅನಸೂದಿಲ್ಲ ನೋಡ್ರಿ ಈಗ.’ ಝೆರಾಕ್ಸ್ ತಗೊಂಡು ಹೋದರು. ಅವತ್ತಿನಿಂದ ನಾನು ಆ ಬಗ್ಗೆ ನಗುವುದನ್ನು ಬಿಟ್ಟೆ.

ಇನ್ನೊಂದು ಸಂಗತಿ ಹೇಳಬೇಕು. ಅಕ್ಕೋರು ಬರೆಯಲು ಕೂಡುವ ಮುಂಚೆ ಹಾಜರಿ ಕರೆಯುತ್ತಿದ್ದರು. ಶಾಲೆಯ ಹಾಜರಿ ಪುಸ್ತಕದಂಥದ್ದೇ ಒಂದನ್ನು ಗೆರೆ ಎಳೆದು ಮಾಡಿಕೊಂಡಿದ್ದರು. ಅದರಲ್ಲಿ ಇಷ್ಟು ವರ್ಷ ಅವರು ಬರೆದ ಅವುಗಳ ಹೆಸರೆಲ್ಲ ಸಾಲಾಗಿ ಇದ್ದವು. ಒಂದೊಂದೇ ಹೆಸರು ಕರೆದು, ಮಗು ‘ಹಾಜರ್’ ಅನ್ನಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಸುಮ್ಮನಿದ್ದು, ಪೆನ್ನಿನಿಂದ ಗುರುತು ಹಾಕುವರು. ಪರದೆಯ ಈಚೆ ಕೂತ ನನಗೆ ಪೆನ್ನಿನ ಸಪ್ಪಳ ಕೇಳುತ್ತಿತ್ತು. ನಡುನಡುವೆ ಒಮ್ಮೊಮ್ಮೆ, ‘ಕೇಳಸಲಿಲ್ಲ, ಜೋರಾಗಿ ಹೇಳು’ ಎಂದು ಗದರುವರು. ಮತ್ತೆ ಸುಮ್ಮನಾಗುವರು. ಆಮೇಲೆ ಗುರುತು ಬೀಳುತ್ತಿತ್ತು. ಆ ಹೊತ್ತಿನಲ್ಲಿ ನಾನು ಪ್ರಿಂಟರ್ ಚಾಲೂ ಇಡುತ್ತಿದ್ದೆ, ಪ್ರಿಂಟು ಇರಲಿ ಬಿಡಲಿ.

ಕೊನೆಯ ಪುಸ್ತಕದ ಪ್ರಾಣಿಯ ಹೆಸರು ನೆರಳಿಲ್ಲದ್ದು. ಮೈ ಕರಿನಾಯಿಯಷ್ಟು, ಮುಖ ಇಲ್ಲ, ಬಿಸಿಲಲ್ಲಿ ನಿಂತರೆ ನೆಲದ ಮೇಲೆ ಏನೂ ಬೀಳುವುದಿಲ್ಲ. ಶಾಲೆ ಬಿಟ್ಟು ಮನೆಗೆ ಹೋಗುವ ಒಬ್ಬ ಹುಡುಗಿಯ ನೆರಳಿಗಾಗಿ ಅದು ಪುಸ್ತಕದ ತುಂಬ ಅವಳ ಬೆನ್ನು ಹತ್ತುತ್ತದೆ. ಕೊನೆಗೆ ಹುಡುಗಿ ತಾನಾಗಿಯೇ ತಿರುಗಿ ನಿಂತು ತನ್ನ ನೆರಳಲ್ಲಿ ಅರ್ಧ ಕೊಡುತ್ತಾಳೆ. ಅದನ್ನು ಎಲ್ಲಿಡುವುದು ಅಂತ ಯೋಚಿಸಿ ಅಕ್ಕೋರು ರಾಯಬಾಗದ ದಾರಿಯ ಬನ್ನಿ ಮರವೊಂದನ್ನು ಆರಿಸಿದರು. ರಾಯಬಾಗ ನನ್ನ ತವರು. ‘ನೀ ಒಬ್ಬಾಕೆನ ಗಾಡಿ ಮ್ಯಾಲ ಹೋಗ್ತಿ ಬರ್ತಿ. ದಾರ್ಯಾಗ ನಿನಗೊಂದು ಜೋಡಿ ಇರ್ಲಿ’ ಅಂದರು. ಯಾರೂ ನನಗೆ ಹಾಗೆ ಏನನ್ನೂ ಕೊಟ್ಟಿರಲಿಲ್ಲ. ನನಗೆ ಅಂಜಿಕೆಯೂ ಆಯಿತು, ಖುಷಿಯೂ ಆಯಿತು.

ಪುಸ್ತಕದ ಕಡೆಯ ಎರಡು ವಾಕ್ಯ ಹೀಗಿದ್ದವು: ‘ಅದು ಹುಡುಗಿಯ ಕಡೆ ಒಮ್ಮೆ ತಿರುಗಿತು. ಆಮೇಲೆ ಬನ್ನಿ ಮರದ ಬುಡದಲ್ಲಿ ಮೆಲ್ಲಗೆ ಸುತ್ತಿತು.’ ನಾಯಿ ಮಲಗುವ ಮುಂಚೆ ಜಾಗವನ್ನೊಂದು ಸುತ್ತು ಹಾಕುತ್ತದಲ್ಲ, ಹಾಗೆ. ಮಲಗಿತು ಎಂದು ಅಕ್ಕೋರು ಬರೆದಿರಲಿಲ್ಲ. ಅದನ್ನು ಮಕ್ಕಳೇ ತಿಳಿದುಕೊಳ್ಳಲಿ ಎಂದು ಬಿಟ್ಟಿದ್ದರು.

ಅದು ಲಗ್ನಸರಾಯಿ, ಮದುವೆಗಳ ಕಾಲ. ಒಂದೇ ದಿನ ನಾಲ್ಕು ಪತ್ರಿಕೆ, ನಾಲ್ವರೂ ಎದುರಿಗೇ ಕೂತು ಅವಸರ ಮಾಡುವವರು. ಕಡೆಯ ಪುಟವನ್ನು ಆ ಗಡಿಬಿಡಿಯಲ್ಲಿ ಟೈಪು ಮಾಡಿದೆ. ಒಮ್ಮೆ ಬರೆದು ಕೊಟ್ಟದ್ದನ್ನು ಅಕ್ಕೋರು ಮತ್ತೆ ಓದುತ್ತಿರಲಿಲ್ಲ. ಪ್ರೂಫು ನೋಡುವುದು ನನ್ನ ಪಾಲಿನ ಕೆಲಸ. ನೋಡಿದೆ ಎಂದೇ ಅಂದುಕೊಂಡಿದ್ದೆ. ಪುಸ್ತಕ ಅಚ್ಚಾಗಿ ಬಂದು, ಅಕ್ಕೋರು ಅರ್ಧಕ್ಕರ್ಧ ಪ್ರತಿಗಳನ್ನು ಶಾಲೆಗಳಿಗೆ ಕಳಿಸಿ ಆದಮೇಲೆ, ಒಂದು ಮಧ್ಯಾಹ್ನ ಸುಮ್ಮನೆ ಕಡೆಯ ಪುಟ ತೆರೆದೆ. ‘ಬನ್ನಿ ಮರದ ಬುಡದಲ್ಲಿ ಮೆಲ್ಲಗೆ ಸತ್ತಿತು.’

ಒಂದು ಕೊಂಬು ಬಿದ್ದುಹೋಗಿತ್ತು. ಸಕಾರದ ಪಕ್ಕ ಹಾಕುವ ಆ ಬಾಲದಂಥ ಗುರುತು, ಅಷ್ಟೇ. ಬೇರೆ ತಪ್ಪಾಗಿದ್ದರೆ ಓದುವವರು ಇದು ಅಚ್ಚಿನ ತಪ್ಪು ಎಂದು ದಾಟಿ ಹೋಗುತ್ತಿದ್ದರು. ಇಲ್ಲಿ ವಾಕ್ಯ ಸೊಗಸಾಗಿ ಕೂತಿತ್ತು. ಯಾರಿಗೂ ಅನುಮಾನ ಬರುವಂತಿರಲಿಲ್ಲ. ಕಥೆಗಳಲ್ಲಿ ರಾಜಕುಮಾರರು ರಾಕ್ಷಸನ ಕೊಂಬು ಮುರಿದು ಕೊಲ್ಲುತ್ತಾರೆ. ನಾನು ಒಂದು ಕೊಂಬು ಬಿಟ್ಟು ಕೊಂದಿದ್ದೆ.

ಹೇಳಬೇಕಿತ್ತು. ಹೇಳಲಿಲ್ಲ. ಪುಸ್ತಕ ಮುಚ್ಚಿಟ್ಟೆ. ಅಕ್ಕೋರು ಬಂದರು, ಪರದೆ ಎಳೆದರು, ಹಾಜರಿ ಕರೆಯತೊಡಗಿದರು. ಕೊನೆಯಲ್ಲಿ ‘ನೆರಳಿಲ್ಲದ್ದು’ ಅಂದರು. ಸುಮ್ಮನಾದರು. ಮತ್ತೊಮ್ಮೆ ಕರೆದರು. ಆ ಹೆಸರಿಗೆ ಪೆನ್ನಿನ ಸಪ್ಪಳ ಕೇಳಲಿಲ್ಲ.

‘ಒಂದು ಬಂದಿಲ್ಲ ತಂಗಿ,’ ಅಂದರು ಹೊರಗೆ ಬಂದು. ಮಗು ಶಾಲೆಗೆ ಬರದಿದ್ದರೆ ಮನೆಗೆ ಹೇಳಿ ಕಳಿಸುವ ದನಿ ಅದು. ‘ಹೊಸಾದು. ಇನ್ನೂ ದಾರಿ ಗೊತ್ತಿಲ್ಲೇನೋ.’

ಅದು ಮರುದಿನವೂ ಬರಲಿಲ್ಲ. ಒಂದು ತಿಂಗಳಾದರೂ ಬರಲಿಲ್ಲ. ಅಕ್ಕೋರು ಹೊಸ ನೋಟುಪುಸ್ತಕ ತೆರೆದು ಕೂಡುವರು, ಬೆಳಕು ಹೋಗುವವರೆಗೆ ಕೂತು, ಒಂದಕ್ಷರ ಬರೆಯದೆ ಏಳುವರು. ‘ಒಬ್ಬರು ಕಡಿಮಿ ಇದ್ದಾಗ ಮುಂದಿನ ಪಾಠ ಹೆಂಗ ಸುರು ಮಾಡ್ಲಿ?’ ನಲವತ್ತು ವರ್ಷ ನಿಲ್ಲದ ಕೈ ನಿಂತುಹೋಯಿತು. ಯಾಕೆಂದು ಗೊತ್ತಿದ್ದವಳು ನಾನೊಬ್ಬಳೇ.

ಅಷ್ಟರಲ್ಲಿ ಒಂದು ಕಾರ್ಡು ಬಂತು. ಮಕ್ಕಳ ಪತ್ರಗಳು ನನ್ನ ಅಂಗಡಿಯ ವಿಳಾಸಕ್ಕೇ ಬರುತ್ತಿದ್ದವು. ಅಥಣಿ ಕಡೆಯ ಹಳ್ಳಿಯ ನಾಲ್ಕನೆಯ ತರಗತಿಯ ಹುಡುಗಿ. ‘ಅಕ್ಕೋರೇ, ಅದನ್ನು ಯಾಕೆ ಸಾಯಿಸಿದಿರಿ? ಅದು ಬಂದರೆ ನಾನೂ ನೆರಳು ಕೊಡಬೇಕು ಅಂದುಕೊಂಡಿದ್ದೆ.’ ಕಾರ್ಡನ್ನು ಲಗ್ನಪತ್ರಿಕೆಯ ಮಾದರಿಗಳ ಅಡಿಯಲ್ಲಿ ಬಚ್ಚಿಟ್ಟೆ. ರಾಯಬಾಗಕ್ಕೆ ಹೋಗುವಾಗ ಬನ್ನಿ ಮರ ಬಂದರೆ ಮುಖ ಆಚೆ ತಿರುಗಿಸಿ ಗಾಡಿ ಜೋರು ಮಾಡುತ್ತಿದ್ದೆ. ಒಮ್ಮೆ ಮರದಡಿ ತೊಯ್ದ ನಾಯಿಯ ವಾಸನೆ ಬಂತು. ಸುತ್ತ ಮೂರು ತಿಂಗಳಿಂದ ಮಳೆ ಇರಲಿಲ್ಲ.

ದಶಲಕ್ಷಣ ಪರ್ವ ಮುಗಿದ ಮೇಲೆ ಜೈನರಲ್ಲಿ ಕ್ಷಮಾವಣಿ ಎಂದು ಬರುತ್ತದೆ. ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಅವತ್ತು ಎಲ್ಲರ ಹತ್ತಿರವೂ ಕ್ಷಮೆ ಬೇಡುತ್ತಾರೆ. ಪ್ರತಿವರ್ಷದ ಹಾಗೆ ಅಕ್ಕೋರು ಅಂಗಡಿಗೆ ಬಂದು, ನನಗಿಂತ ಮೂವತ್ತು ವರ್ಷ ದೊಡ್ಡವರು, ಕೈ ಜೋಡಿಸಿದರು.

‘ನನ್ನಿಂದ ಏನಾರ ಚೂಕ ಆಗಿದ್ರ ಕ್ಷಮಾ ಮಾಡವಾ.’

ನನಗೆ ತಡೆಯಲಾಗಲಿಲ್ಲ. ಗಿರಾಕಿಗಳಿದ್ದಾರೆ ಎಂಬುದನ್ನೂ ನೋಡದೆ ಅತ್ತುಬಿಟ್ಟೆ. ಪುಸ್ತಕ ತೆಗೆದು ಕಡೆಯ ಪುಟ ತೋರಿಸಿದೆ. ಹುಡುಗಿಯ ಕಾರ್ಡನ್ನೂ ಕೊಟ್ಟೆ. ಅಕ್ಕೋರು ಕಣ್ಣಿಗೆ ಹತ್ತಿರ ಹಿಡಿದು ಓದಿದರು. ಇನ್ನೊಮ್ಮೆ ಓದಿದರು. ಅಲ್ಲೇ ಸ್ಟೂಲಿನ ಮೇಲೆ ಕುಸಿದರು.

‘ಸತ್ತಿತು,’ ಅಂದರು. ಆ ಮಾತನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೊಂದೇ ಸಲ.

‘ಕ್ಷಮಾ ಮಾಡ್ರಿ ಅಕ್ಕೋರ. ಬೈರಿ ನನಗ. ಹೊಡೀರಿ.’

‘ನನಗೇನ್ ಮಾಡೀದಿ, ನಾ ಕ್ಷಮಾ ಮಾಡಾಕ? ಓದದ ಕಳಸಿದ್ದು ನಂದೂ ಚೂಕ. ನಾವಿಬ್ಬರೂ ಕೂಡೇ ಕೊಂದೀವಿ. ಕೇಳೂದಾದ್ರ ಅದನ್ನ ಕೇಳಬೇಕು.’ ಆಮೇಲೆ ಕೇಳಿದರು, ‘ಎಲ್ಲೈತಿ ಅಂತ ಕೇಳ್ತಿ?’

ಮರುದಿನ ಮಟಮಟ ಮಧ್ಯಾಹ್ನ ಬನ್ನಿ ಮರಕ್ಕೆ ಹೋದೆವು. ರಸ್ತೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಎರಡೂ ಬದಿಯ ಕಬ್ಬಿನಲ್ಲಿ ಗಾಳಿ ಆಡುತ್ತಿತ್ತು, ಮರದ ಎಲೆ ಮಾತ್ರ ಅಲ್ಲಾಡುತ್ತಿರಲಿಲ್ಲ. ಅಕ್ಕೋರು ಬುಡದಲ್ಲಿ ಕೂತು ಹೆಸರು ಹಿಡಿದು ಕರೆದರು. ನಾನು ಅವರ ಬೆನ್ನ ಹಿಂದೆ ನಿಂತಿದ್ದೆ. ಆಗ ನನ್ನ ಕಾಲ ಕೆಳಗೆ ನೋಡಿದರೆ, ಇದು ಬಿಸಿಲಿನ ಆಟವೇ ಇರಬಹುದು, ನನ್ನ ನೆರಳು ಒಂದು ಬದಿಗೆ ಹರಿದಂತೆ ಸಣ್ಣಗಾಗಿತ್ತು. ಅಕ್ಕೋರಿಗೆ ನಾನದನ್ನು ಹೇಳಲಿಲ್ಲ. ಅವರು ಎದ್ದು ಸೀರೆ ಝಾಡಿಸಿಕೊಂಡು, ‘ಇಲ್ಲಿಲ್ಲ’ ಅಂದರು.

ಅವತ್ತಿನಿಂದ ನಾನು ಅಂಗಡಿಯನ್ನು ವಾರಕ್ಕೆರಡು ದಿನ ಮುಚ್ಚಿದೆ. ಕರಿ ಪೆನ್ನು ಹಿಡಿದು ಶಾಲೆ ಶಾಲೆ ಅಲೆದೆ. ಕಾಗವಾಡ, ಉಗಾರ ಖುರ್ದ, ಬೋರಗಾಂವ, ಎಲ್ಲೆಲ್ಲಿ ಆ ಪುಸ್ತಕ ಹೋಗಿತ್ತೋ ಅಲ್ಲೆಲ್ಲ. ಪ್ರತಿಯೊಂದರಲ್ಲೂ ಕಡೆಯ ಪುಟ ತೆರೆದು ಸಕಾರಕ್ಕೊಂದು ಕೊಂಬು ಹಾಕಿದೆ. ಮಾಸ್ತರರು ಇವಳಿಗೆ ತಲೆ ಕೆಟ್ಟಿದೆ ಎನ್ನುವಂತೆ ನೋಡಿದರು. ಮಕ್ಕಳು ಹಾಗೆ ನೋಡಲಿಲ್ಲ. ಸುತ್ತ ನಿಂತು ಪೆನ್ನನ್ನೇ ನೋಡುತ್ತಿದ್ದರು. ಒಂದು ಕಡೆ ಪುಟ್ಟ ಹುಡುಗಿಯೊಬ್ಬಳು, ‘ಸತ್ತದ್ದು ಹಿಂಗ ಬರದ್ರ ತಿರುಗಿ ಬರತೈತೇನ್ರಿ?’ ಎಂದು ಕೇಳಿದಳು. ನಾನು ಮುಂದಿನ ಪುಸ್ತಕ ತೆರೆದೆ.

ಕಾರ್ಡು ಬರೆದ ಹುಡುಗಿಯ ಶಾಲೆಗೆ ಹೋಗಲು ಧೈರ್ಯ ಸಾಲದೆ ಅದನ್ನು ಕಡೆಗೆ ಇಟ್ಟುಕೊಂಡಿದ್ದೆ. ಹೋದಾಗ ಅವಳು ತನ್ನ ಪ್ರತಿ ತಂದುಕೊಟ್ಟಳು. ತೆರೆದರೆ ಕೊಂಬು ಆಗಲೇ ಇತ್ತು. ಪೆನ್ನಿನದಲ್ಲ, ಪೆನ್ಸಿಲಿನದಲ್ಲ, ಅಚ್ಚಾದದ್ದೇ.

‘ಇದು ಮೊದಲ ಹಿಂಗ ಇತ್ತೇನವಾ?’

‘ಇಲ್ರಿ. ಮೊನ್ನೆ ತಗದ ನೋಡಿದಾಗ ಹಿಂಗ ಆಗಿತ್ರಿ.’

‘ಮತ್ತ ಕಾರ್ಡ್ ಬರದಾಗ?’

ಹುಡುಗಿ ನನ್ನನ್ನು ದಡ್ಡಿ ಎಂಬಂತೆ ನೋಡಿದಳು. ‘ಅವಾಗ ಸತ್ತಿತ್ರಿ.’

ಅಥಣಿಯಿಂದ ಚಿಕ್ಕೋಡಿಯವರೆಗೆ ಹೇಗೆ ಗಾಡಿ ಹೊಡೆದೆನೋ ಗೊತ್ತಿಲ್ಲ. ಅಕ್ಕೋರು ಆಗ ಹಾಸಿಗೆ ಹಿಡಿದಿದ್ದರು. ಊಟ ಕಡಿಮೆಯಾಗಿತ್ತು, ಮಾತೂ ಕಡಿಮೆಯಾಗಿತ್ತು. ನಾನು ಹೇಳಿದ್ದನ್ನೆಲ್ಲ ಕಣ್ಣು ಮುಚ್ಚಿ ಕೇಳಿ, ‘ಹಂಗಾರ ದಾರ್ಯಾಗ ಐತಿ’ ಅಂದರು.

ಅದಾಗಿ ಒಂಬತ್ತನೆಯ ದಿನ ಮಧ್ಯಾಹ್ನ ನಾನು ಅವರ ಮಂಚದ ಪಕ್ಕ ಕೂತಿದ್ದೆ. ಅವರ ತಮ್ಮನ ಹೆಂಡತಿ, ನಾವೆಲ್ಲ ವೈನಿ ಅನ್ನುವವರು, ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದರು. ಓಣಿಯಲ್ಲಿ ಸದ್ದಿರಲಿಲ್ಲ. ಅಕ್ಕೋರು ಒಮ್ಮೆಲೇ ನನ್ನ ಮಣಿಕಟ್ಟು ಹಿಡಿದರು.

‘ಬಂದೈತಿ. ಕದಾ ತಗಿ.’

ಎದ್ದು ಹೋಗಿ ಕದ ತೆಗೆದೆ. ಹೊರಗೆ ಬಿಸಿಲು, ಖಾಲಿ ಕಟ್ಟೆ, ಒಂದು ಜೋಡಿ ಚಪ್ಪಲಿ. ಯಾರೂ ಇರಲಿಲ್ಲ. ನಾನು ದೇವರನ್ನೇ ಅಷ್ಟು ನಂಬುವವಳಲ್ಲ. ಆದರೂ ನನ್ನ ಎರಡೂ ಕೈ ತಾವಾಗಿಯೇ ಜೋಡಿಸಿಕೊಂಡವು.

‘ನನ್ನಿಂದ ಚೂಕ ಆತ್ರಿ,’ ಅಂದೆ ಆ ಖಾಲಿ ಬಿಸಿಲಿಗೆ. ‘ಬೇಕಂತ ಮಾಡ್ಲಿಲ್ರಿ. ಗೊತ್ತಾದ ಮ್ಯಾಲ ಮುಚ್ಚಿಟ್ಟದ್ದು ಮಾತ್ರ ಬೇಕಂತನ ಮಾಡೀನ್ರಿ. ಕ್ಷಮಾ ಮಾಡ್ರಿ.’ ಆಮೇಲೆ ಏನು ಹೇಳಬೇಕೋ ತಿಳಿಯದೆ, ‘ಒಳಗ ಬರ್ರಿ’ ಎಂದು ಬದಿಗೆ ಸರಿದು ದಾರಿ ಬಿಟ್ಟೆ.

ತೊಯ್ದ ನಾಯಿಯ ವಾಸನೆ ನನ್ನ ಮೊಣಕಾಲ ಎತ್ತರದಲ್ಲಿ ದಾಟಿಹೋಯಿತು. ತಿರುಗಿ ನೋಡಿದೆ. ಅಕ್ಕೋರ ನೋಟ ಹೊಸ್ತಿಲಿನಿಂದ ಮಂಚದ ಕಾಲ ಕಡೆಗೆ ಬಂತು. ಅಲ್ಲಿಂದ ಕಿಟಕಿಯ ಬದಿಗೆ, ತಲೆಯ ಹಿಂದಕ್ಕೆ ಹೊರಳಿ, ಈಚೆ ಬದಿಯಿಂದ ಮತ್ತೆ ಕಾಲ ಕಡೆಗೇ ಬಂತು. ಅವಸರವಿಲ್ಲದೆ ಒಂದು ಪೂರ್ತಿ ಸುತ್ತು. ಆಮೇಲೆ ನೆಲದತ್ತ ಇಳಿದು ಅಲ್ಲೇ ನಿಂತಿತು. ಅವರ ಮುಖದಲ್ಲಿ ಕಂಡ ಸಮಾಧಾನವನ್ನು ನಾನು ಆಮೇಲೆ ಯಾರ ಮುಖದಲ್ಲೂ ಕಂಡಿಲ್ಲ. ‘ಪೆನ್ ಕೊಡು’ ಅಂದರು. ಕೊಟ್ಟೆ. ಎದೆಯ ಮೇಲೆ ಇಟ್ಟುಕೊಂಡರು, ಬರೆಯಲಿಲ್ಲ. ಸೂರ್ಯ ಮುಳುಗುವ ಮುಂಚೆ ಹೋದರು.

ಮರುದಿನ ಬೆಳಿಗ್ಗೆ ಸಂಸ್ಕಾರವೆಲ್ಲ ಮುಗಿದ ಮೇಲೆ ವೈನಿ ಕೋಣೆ ತೊಳೆಯಲು ಕೊಡ ಹಿಡಿದು ಒಳಗೆ ಬಂದರು. ಖಾಲಿ ಮಂಚದ ಕಾಲ ಹತ್ತಿರ ಅವರು ಹೆಜ್ಜೆ ಎತ್ತಿದ್ದನ್ನು ನೋಡಿ, ನನಗೆ ಗೊತ್ತಾಗುವ ಮುಂಚೆಯೇ ನನ್ನ ಬಾಯಿಂದ ಬಂತು.

‘ವೈನಿ, ಅಲ್ಲಿ ತುಳೀಬ್ಯಾಡ್ರಿ.’

ವೈನಿ ನನ್ನ ಮುಖ ನೋಡಿದರು, ನೆಲ ನೋಡಿದರು. ಕೊಡವನ್ನು ಇನ್ನೊಂದು ಕೈಗೆ ಬದಲಿಸಿಕೊಂಡು, ಆ ಜಾಗ ಬಿಟ್ಟು, ಗೋಡೆಯ ಬದಿಯಿಂದ ಬಳಸಿ ಹೋದರು.